ಹನ್ನೆರಡು ಸೀಟಿನ ಬೋಟು ಮತ್ತು ನಮ್ಮ ಮಾವ

ನಮ್ಮ ಮಾವ ತಮ್ಮ ಜೀವಮಾನದಲ್ಲಿ ಯಾವುದಾದರೂ ಅಂಗಡಿಯಿಂದ ಸಣ್ಣ ಸೈಜಿನ ವಸ್ತುವೊಂದನ್ನು ತಂದಿದ್ದಾರೆ ಎಂದು ಯಾರಾದರೂ ಸಾಬೀತು ಮಾಡಿದರೆ, ನಾನು ಕುಮಟಾದಿಂದ ಹೊನ್ನಾವರಕ್ಕೆ ನಡೆದುಕೊಂಡೇ ಹೋಗುತ್ತೇನೆ! ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ. ಗಂಡ ಹೆಂಡತಿ ಇಬ್ಬರೇ ಇರುವ ಅವರ ಮನೆಯಲ್ಲಿ ಹನ್ನೆರಡು ಲೀಟರಿನ ಕುಕ್ಕರ್ ಇದೆ. ಅತ್ತೆ ಅದರಲ್ಲಿ ಅನ್ನ ಮಾಡಿದರೆ ಬೆಂದ ಅನ್ನವನ್ನು ಹುಡುಕಲು ಟಾರ್ಚ್ ಬೇಕು. ಮಾವನ ಕೊಡೆ ಹೋದ ಮಳೆಗಾಲದಲ್ಲಿ ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡಾಗ ಕಂಡಕ್ಟರ್, "ಮಾಸ್ತರೇ, ನಿಮ್ಗೊಂದು ಟಿಕೆಟ್, ಕೊಡೆಗೊಂದು ಟಿಕೆಟ್" ಎಂದಿದ್ದನಂತೆ. ಮಾವನಿಗೆ ಅವಮಾನವಾಯಿತೇ? ಛೆ, ಎಲ್ಲಿಯ ಮಾತು! ಹೆಮ್ಮೆಯಿಂದ ನಮ್ಮ ಮನೆಗೆ ಫೋನ್ ಮಾಡಿ ತಾವೇ ಹೇಳಿದರು.

ಮಾವ ಅಂದರೆ ನನ್ನ ಅಮ್ಮನ ತಮ್ಮ. ಹೊನ್ನಾವರದ ಹತ್ತಿರ, ಶರಾವತಿ ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲೇ ಮನೆ. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಎರಡು ವರ್ಷದ ಹಿಂದೆ ನಿವೃತ್ತರಾದಾಗ ಎಲ್ಲರ ಹಾಗೆ ಮನೆಗೆ ಟೈಲ್ಸ್ ಹಾಕಿಸಿ ಸುಮ್ಮನಿರಬಹುದಿತ್ತು. ಇವರು ಗೋವಾದಿಂದ ಆರು ಸೀಟಿನ ಹಳೆಯ ಜೆಟ್ ಬೋಟ್ ತಂದರು! ಪ್ರವಾಸಿಗರನ್ನು ಕೂರಿಸಿಕೊಂಡು ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡಿನ ನಡುವೆ, ಅಳಿವೆಯ ಬಾಯಿಯವರೆಗೆ ಸುತ್ತಿಸಿ ತರುವುದು.

ಜೆಟ್ ಬೋಟ್ ಅಂದರೆ ಏನೆಂದು ತಿಳಿಯದವರಿಗಾಗಿ ಮಾವನ ವಿವರಣೆಯನ್ನೇ ಕೊಡುತ್ತೇನೆ. "ಬೇರೆ ಬೋಟಿಗೆ ಹಿಂದ್ಗಡೆ ಫ್ಯಾನ್ ಇರ್ತದೆ ತಂಗೀ. ನಮ್ದಕ್ಕೆ ಹೊರಗೆ ಎಂತದೂ ಇಲ್ಲ. ಹೊಟ್ಟೆಯಡಿಗೆ ನೀರು ಎಳ್ಕಂಡು ಹಿಂದಿಂದ ಉಗೀತದೆ. ಕವಳ ಹಾಕಿದವರ ಹಂಗೆ ಉಗೀತಾ ಉಗೀತಾ ಮುಂದೆ ಹೋಗೂದು. ಮೊಣಕಾಲುದ್ದ ನೀರಿದ್ರೂ ಸಾಕು. ನಂಗೆ ಭರತ ಇಳಿತದ ಹಂಗೇ ಇಲ್ಲ!"

ದಿನಕ್ಕೆರಡು ಸಲ ನೀರು ಏರಿ ಇಳಿಯುವ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ ಹೀಗೆ ಹೇಳಬಾರದಿತ್ತು. ಇರಲಿ, ಆ ವಿಷಯಕ್ಕೆ ಬರುತ್ತೇನೆ.

ಆರು ಸೀಟಿನ ಬೋಟು ಎರಡು ವರ್ಷ ಚೆನ್ನಾಗಿಯೇ ಓಡಿತು. ಆದರೆ ಮಾವನ ಮನಸ್ಸಿನಲ್ಲಿ ಎಷ್ಟು ದಿನ ಆರು ಆರಾಗಿಯೇ ಉಳಿದೀತು? ಈ ದೀಪಾವಳಿ ಕಳೆದ ಮೇಲೆ ಅವರ ಮೊಬೈಲಿನೊಳಗೆ ಹನ್ನೆರಡು ಸೀಟಿನ ಜೆಟ್ ಬೋಟೊಂದು ಹೊಕ್ಕಿತು. ಬಿಳಿ ಮೈ, ನೀಲಿ ಪಟ್ಟಿ, ಮೆತ್ತನೆಯ ಸೀಟು, ಮೇಲೆ ಮಾಡು, ಹಾಡಿನ ಪೆಟ್ಟಿಗೆ, ಪಕ್ಕದಲ್ಲಿ ತೆರೆಯುವ ಬಾಗಿಲು, ಲೋಟ ಇಡಲು ಸೀಟಿಗೊಂದರಂತೆ ಗುಂಡಿ. ಬೆಲೆ? ನಾನು ಬರೆಯುವುದಿಲ್ಲ. ಬರೆದರೆ ನೀವು ಪ್ರಬಂಧ ಓದುವುದನ್ನು ಬಿಟ್ಟು ಸೊನ್ನೆ ಎಣಿಸುತ್ತ ಕೂರುತ್ತೀರಿ.

ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಮಾವ ಅದಕ್ಕೂ ದಾರಿ ಕಂಡುಕೊಂಡಿದ್ದರು. ಮನೆಗೆ ತಾಗಿದ ಹೊಳೆಬದಿಯ ತೆಂಗಿನ ಹಿತ್ತಲು ಮಾರುವುದು. ಅದು ಅತ್ತೆಗೆ ಅವರ ಅಪ್ಪ ಕೊಟ್ಟದ್ದು. ಅದರ ತುದಿಯಲ್ಲೇ ಹೊಳೆಗಿಳಿಯುವ ಕಲ್ಲಿನ ಕಟ್ಟೆ. ಬೋಟು ಕಟ್ಟುವುದೂ ಅಲ್ಲೇ.

"ಮಾವ, ಹಿತ್ತಲು ಮಾರಿ ಬೋಟ್ ತಂದ್ರೆ ಬೋಟ್ ಎಲ್ಲಿ ಕಟ್ತ್ರಿ?" ಎಂದು ಕೇಳಿದೆ.

"ಕಟ್ಟೂದೆಂತಕ್ಕೆ? ಅಷ್ಟು ದುಡ್ಡು ಕೊಟ್ಟ ಬೋಟು. ಓಡ್ತಾನೇ ಇರ್ತದೆ!"

ಅತ್ತೆ ಅಂದು ಸಂಜೆಯೇ ನನಗೆ ಫೋನ್ ಮಾಡಿದರು. ಅವರು ಜಗಳವಾಡುವವರಲ್ಲ. ಬಹಳ ಸಿಟ್ಟು ಬಂದರೆ ಮೆತ್ತಗೆ ಮಾತಾಡುತ್ತಾರೆ. ಅಂದು ದನಿ ಕೇಳಿಸದಷ್ಟು ಮೆತ್ತಗಿತ್ತು. "ತಂಗೀ, ನಿನ್ನ ಮಾವಂಗೆ ನಿನ್ನ ಮಾತಂದ್ರೆ ಸ್ವಲ್ಪ ಬೆಲೆ ಅದೆ. ಹಿತ್ತಲೊಂದು ಉಳಿಸಿಕೊಡು. ನಮ್ಮ ಅಪ್ಪ ನೆಟ್ಟ ಮರ ಅದು. ಅದು ಹೋದ್ರೆ ನಂದು ಅಂತ ಇಲ್ಲಿ ಎಂತ ಉಳೀತದೆ ಹೇಳು?" ಎಂದರು. ಹೀಗೆ ನಾನು ದೊಡ್ಡ ಬೋಟಿನ ವಿರೋಧ ಪಕ್ಷದ ನಾಯಕಿಯಾದೆ.

ಮೊದಲು ಮಾವನನ್ನು ಭಟ್ಕಳಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮಾವನ ಹಳೆಯ ಸ್ನೇಹಿತರೊಬ್ಬರಿದ್ದಾರೆ. ದುಬೈಯಲ್ಲಿ ಇಪ್ಪತ್ತು ವರ್ಷ ಬೋಟ್ ಮಾರುವ ಕಂಪನಿಯಲ್ಲಿ ಇದ್ದು ಬಂದವರು. ಅವರು ಹೇಳಿದರೆ ಮಾವ ಕೇಳಿಯಾರು ಎಂಬ ಆಸೆ. ಅವರು ಮೊದಲು ಬಿರಿಯಾನಿ ತಿನ್ನಿಸಿದರು, ಆಮೇಲೆ ಸಾವಕಾಶವಾಗಿ ಹೇಳಿದರು.

"ನೋಡಿ ಮಾಸ್ತರೇ, ಸಣ್ಣದು ದೊಡ್ಡದು ಎರಡೂ ಇಟ್ಟುಕೊಂಡ ಶೇಖ್‌ಗಳನ್ನ ನೋಡಿದೇನೆ. ದಿನಾ ಹೋಗೂದು ಸಣ್ಣದರಲ್ಲೇ. ದೊಡ್ಡದಕ್ಕೆ ಪೆಟ್ರೋಲ್ ಜಾಸ್ತಿ, ಭಾರ ಜಾಸ್ತಿ, ರಿಪೇರಿ ಜಾಸ್ತಿ. ಸಮುದ್ರದಲ್ಲಿ ತೆರೆ ತಡೀತದೆ, ಅದು ಹೌದು. ನಿಮ್ಮ ಹೊಳೆಗೆ ಎಂತಕ್ಕೆ? ದೊಡ್ಡದು ಬರೀ ಫೋಟೋಕ್ಕೆ ಸಾಹೇಬ್!"

ಅಬ್ಬ, ಎಷ್ಟು ಚೆನ್ನಾಗಿ ಹೇಳಿದರು ಎಂದು ನನಗೆ ಖುಷಿಯೋ ಖುಷಿ. ವಾಪಸು ಬರುವಾಗ ಶಿರಾಲಿ ದಾಟುವವರೆಗೆ ಮಾವ ಮಾತಾಡಲಿಲ್ಲ. ಮಾತು ನಾಟಿದೆ ಎಂದುಕೊಂಡೆ. ಆಮೇಲೆ ಬಾಯಿ ತೆರೆದರು. "ಕಂಡ್ಯಾ ತಂಗೀ? ದೊಡ್ಡದರಲ್ಲಿ ಫೋಟೋ ಚಲೋ ಬರ್ತದೆ ಅಂತ ಅವನೂ ಹೇಳ್ದ!"

ಅದರ ಮುಂದಿನ ಭಾನುವಾರ ಇನ್ನೊಂದು ಅವತಾರ. ದೊಡ್ಡ ಬೋಟಿನ ಉದ್ದಗಲ ನಮಗೆಲ್ಲ ಮನವರಿಕೆಯಾಗಬೇಕೆಂದು ಮಾವ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಬೋಟಿನ ಗೆರೆ ಎಳೆದರು. ಮೂವತ್ತು ವರ್ಷ ಕಬಡ್ಡಿ ಅಂಕಣ ಎಳೆದ ಕೈ, ಗೆರೆ ಒಂದಿಷ್ಟೂ ಸೊಟ್ಟವಿಲ್ಲ. ಅದರೊಳಗೆ ಹನ್ನೆರಡು ಪ್ಲಾಸ್ಟಿಕ್ ಕುರ್ಚಿ. ಪೀಪಿ ಊದಿ ನೆಂಟರನ್ನು, ನೆರೆಹೊರೆಯವರನ್ನು ಕೂರಿಸಿದರು. ನನ್ನ ಅಮ್ಮನಿಗೆ ಕಿಟಕಿ ಪಕ್ಕದ ಸೀಟು. ಪಕ್ಕದ ಮನೆಯವರು ಗೆರೆ ದಾಟಿ ಒಳಬಂದದ್ದಕ್ಕೆ ಮಾವ, "ಅಯ್ಯಯ್ಯ, ಅಲ್ಲಿ ನೀರು ಮಾರಾಯ್ರೆ! ಬಾಗಲಲ್ಲಿ ಬನ್ನಿ!" ಎಂದು ಕೂಗಿದರು. ಅವರೂ ಪಾಪ, ಹಿಂದೆ ಹೋಗಿ ಚಪ್ಪಲಿ ಬಿಟ್ಟು ಬಾಗಿಲಲ್ಲಿ ಬಂದರು. ಹತ್ತು ನಿಮಿಷ ಎಲ್ಲರೂ ಅಂಗಳದಲ್ಲಿ ಗಂಭೀರವಾಗಿ ಬೋಟಿನಲ್ಲಿ ಕೂತಿದ್ದೆವು. ಅತ್ತೆ ಅಡುಗೆಮನೆಯ ಕಿಟಕಿಯಿಂದ ನೋಡಿ ಹೊರಗೇ ಬರಲಿಲ್ಲ.

ಕೊನೆಗೆ ಗೋವಾ ಕಡೆಯ ಏಜೆಂಟ್ ನಿಜವಾದ ಬೋಟನ್ನೇ ಲಾರಿಯ ಹಿಂದೆ ಕಟ್ಟಿಕೊಂಡು ಬಂದ. ಒಂದು ದಿನ ಓಡಿಸಿ ನೋಡಿ, ಒಪ್ಪಿಗೆಯಾದರೆ ಮುಂಗಡ. ಹಿತ್ತಲು ಕೊಳ್ಳುವ ಗಿರಾಕಿಗೆ ಮಾವ ಸೋಮವಾರ ಬರಲು ಹೇಳಿದ್ದರು. ಇದು ಶನಿವಾರ. ಅಂದರೆ ನನಗೆ ಉಳಿದದ್ದು ಒಂದೇ ದಿನ.

ಬೆಳಿಗ್ಗೆ ಎಂಟೂವರೆಗೆ ಬೋಟು ಕಟ್ಟೆಗೆ ಬಂತು. ಹೊಳೆ ಆಗಷ್ಟೇ ಭರತ ಮುಗಿದು ತುಂಬಿ ನಿಂತಿತ್ತು. ಆಗಲೇ ಹೊರಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ, ಹಿತ್ತಲೂ ಇರುತ್ತಿರಲಿಲ್ಲ. ಆದರೆ ಹೊಸ ಬೋಟು ಹತ್ತುವುದೆಂದರೆ ಸುಮ್ಮನೆ ಆಗುತ್ತದೆಯೇ? ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ! ನೆಂಟರೆಲ್ಲ ಸೇರಿ ಕಾಯುವುದೆಂದು ತೀರ್ಮಾನವಾಯಿತು. ಆಮೇಲೆ ಅತ್ತೆಗಾಗಿ ಕಾದದ್ದು. ಮಾವ ಮೂರು ಸಲ ಒಳಗೆ ಹೇಳಿ ಕಳಿಸಿದರು. "ಅಪ್ಪನ ಹಿತ್ತಲು ತಿನ್ನೂ ಬೋಟಿಗೆ ನಾ ಕಾಲಿಡೂದಿಲ್ಲ" ಎಂದು ಮೂರು ಸಲವೂ ಉತ್ತರ ಬಂತು. ಜೊತೆಗೆ ಹನ್ನೆರಡು ಸೀಟಿಗೆ ಹೊರಟ ಹದಿನಾಲ್ಕು ಜನರಿಗಾಗುವಷ್ಟು ಚಿತ್ರಾನ್ನದ ದಬರಿಯೂ ಬಂತು. ಸಿಟ್ಟು ಬೇರೆ, ಊಟ ಬೇರೆ.

ರಾಹುಕಾಲ ನೋಡಿದ ನಾವು ಹದಿನಾಲ್ಕು ಜನರಲ್ಲಿ ಒಬ್ಬರಾದರೂ ಇಳಿತ ನೋಡಬೇಕಿತ್ತು. ಯಾರೂ ನೋಡಲಿಲ್ಲ. ಎಲ್ಲರೂ ಹೊಳೆದಂಡೆಯವರೇ!

ಹನ್ನೊಂದಕ್ಕೆ ಹೊರಟೆವು. ಬೋಟೇನೋ ಭರ್ಜರಿ. ಹಾಡು, ಗಾಳಿ, ಲೋಟದ ಗುಂಡಿಯಲ್ಲಿ ಲೋಟ. ನನಗೂ ಒಂದು ಕ್ಷಣ, ತಗೊಂಡರೆ ತಪ್ಪೇನು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಕಾಂಡ್ಲಾ ಕಾಡು ದಾಟಿ ತಿರುಗುವಾಗ ಅಡಿಯಲ್ಲಿ ಗರ್‍ರ್ ಎಂದಿತು. ಬೋಟು ನೀರಿನ ಜೊತೆ ಮರಳನ್ನೂ ಎಳೆದುಕೊಂಡು ಕೆಮ್ಮಿತು, ನರಳಿತು, ನಿಂತಿತು. ಹದಿನಾಲ್ಕು ಜನ, ಒಂದು ದಬರಿ, ಅಷ್ಟು ದೊಡ್ಡ ಎಂಜಿನ್. ಅದರ ಭಾರಕ್ಕೆ ಮೊಣಕಾಲುದ್ದ ನೀರು ಎಲ್ಲಿ ಸಾಕು? ನೋಡನೋಡುತ್ತ ನೀರು ಇಳಿದು ಸುತ್ತಲೂ ಮರಳು ದಿಬ್ಬ ಎದ್ದಿತು.

ಅಷ್ಟರಲ್ಲಿ ಬಳಚು ಆರಿಸುವ ಹೆಂಗಸರು ಬುಟ್ಟಿ ಹಿಡಿದು ನಡೆದೇ ನಮ್ಮ ಪಕ್ಕಕ್ಕೆ ಬಂದರು. ಇಳಿತದಲ್ಲಿ ಮರಳು ಕೆದಕಿ ಚಿಪ್ಪಿ ಆರಿಸುವುದು ಅವರ ಕೆಲಸ. ನಾವು ಮೆತ್ತನೆಯ ಸೀಟಿನಲ್ಲಿ, ಅವರು ಪಾದ ಮುಳುಗುವ ನೀರಿನಲ್ಲಿ.

"ಮಾಸ್ತರೇ, ಎಂತ ಆತು? ಬೋಟಿಗೆ ಕಾಲು ನೋವಾ?" ಎಂದಳು ಒಬ್ಬಾಕೆ. ಇನ್ನೊಬ್ಬಾಕೆ ಸುತ್ತ ಒಮ್ಮೆ ನಡೆದು ನೋಡಿ, "ಬೋಟ್ ಚಲೋ ಅದೆ. ನಮ್ಗೆ ಬುಟ್ಟಿ ಇಡೂಕೆ ನೆರಳಾತು" ಎಂದು ಬುಟ್ಟಿಯನ್ನು ಅದರ ನೆರಳಿನಲ್ಲಿಟ್ಟಳು. ಆಮೇಲೆ ಕೇಳಿದಳು, "ಇದಕ್ಕೆ ಎಷ್ಟು ಕೊಟ್ರಿ ಮಾಸ್ತರೇ?"

"ಇನ್ನೂ ಕೊಡ್ಲಿಲ್ಲ" ಎಂದರು ಮಾವ.

ದೇವರೇ, ಆ 'ಇನ್ನೂ ಕೊಡ್ಲಿಲ್ಲ' ಎಂಬ ಮಾತು ನನ್ನ ಕಿವಿಗೆ ಎಷ್ಟು ಇಂಪಾಗಿತ್ತೆಂದು ಹೇಳಲಾರೆ! ಎರಡು ತಿಂಗಳಿಂದ ಹೊತ್ತಿದ್ದ ಹೊರೆಯನ್ನು ಯಾರೋ ಇಳಿಸಿದಂತಾಯಿತು.

ಚಿತ್ರಾನ್ನ ತಿಂದು ಎಲ್ಲರೂ ಸೀರೆ, ಪ್ಯಾಂಟು ಎತ್ತಿಕಟ್ಟಿಕೊಂಡು ನಡೆದೇ ದಡ ಸೇರಿದರು. ಏಜೆಂಟ್ ಬಗ್ಗಿ ಎಂಜಿನ್ನಿನಿಂದ ಮರಳು ತೆಗೆಯುತ್ತಿದ್ದ. ಮಾವ ಮಾತ್ರ ಇಳಿಯಲಿಲ್ಲ, ಅವರನ್ನು ಕರೆದುಕೊಂಡು ಹೋಗಲು ನಾನೂ ಉಳಿದೆ. ಪಕ್ಕದ ಬಾಗಿಲನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಗೆದ್ದ ಹುರುಪಿನಲ್ಲಿ ನಾನು, "ಇನ್ನಾದ್ರೂ ಬಿಡಿ ಮಾವ, ನಮ್ಗೆ ಆರು ಸೀಟೇ ಸಾಕು" ಎಂದೆ.

"ಸೀಟು ಯಾರಿಗೆ ಬೇಕಿತ್ತು ತಂಗೀ? ನಂಗೆ ಬೇಕಾದ್ದು ಈ ಬಾಗಲು" ಎಂದರು ಮಾವ.

"ಬಾಗಲಾ?" ಎಂದೆ.

"ನಿನ್ನ ಅತ್ತೆಗೆ ಮಂಡಿ ಎತ್ತೂಕೆ ಆಗೂದಿಲ್ಲ. ನಮ್ಮ ಬೋಟಿನ ಅಂಚು ದಾಟಬೇಕಂದ್ರೆ ಇಬ್ಬರು ಹಿಡಿದು ಎತ್ತಬೇಕು. ಜನರ ಎದುರಿಗೆ ಅವಳಿಗೆ ನಾಚಿಕೆ. ಎರಡು ವರ್ಷ ಆತು. ಎಲ್ಲೆಲ್ಲಿಯವರೋ ಬಂದು ನನ್ನ ಬೋಟಲ್ಲಿ ಕೂತು ಹೋದ್ರು, ಅವಳೊಬ್ಬಳು ಕೂರ್ಲಿಲ್ಲ. ಇದಕ್ಕಾದ್ರೆ ಬಾಗಲದೆ, ನಡ್ಕಂಡು ಒಳಗೆ ಬರ್ಲಕ್ಕು ಅಂತ..." ಮಾವ ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

ನನ್ನ ಹುರುಪೆಲ್ಲ ಜರ್‍ರನೆ ಇಳಿಯಿತು. ಏಳು ಜನ್ಮಕ್ಕಾಗುವಷ್ಟು ನಾಚಿಕೆಯಾಯಿತು.

ಮನೆಗೆ ಹೋದವಳೇ ಅತ್ತೆಗೆ ಎಲ್ಲ ಹೇಳಿದೆ. ಅವರು ತೆಂಗಿನಕಾಯಿ ತುರಿಯುತ್ತಿದ್ದರು. ತುರಿಯುವುದು ನಿಂತಿತು. ಗಟ್ಟಿಯಾಗಿ, ಮನೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಬೈದರು. "ಹುಚ್ಚು ಹಿಡದದೆಯಾ ಅವ್ರಿಗೆ? ಒಂದು ಬಾಗಲಿಗೋಸ್ಕರ ಹಿತ್ತಲು ಮಾರೂದಾ? ಹುಣ್ಣಿಮೆ ಭರತಕ್ಕೆ ನೀರು ನಮ್ಮ ಕಟ್ಟೆ ಅಂಚಿಗೆ ಬರ್ತದೆ. ಬೋಟು ಕಟ್ಟೆ ಸಮಕ್ಕೆ ಏಳ್ತದೆ. ಕಟ್ಟೆ ಮೇಲೆ ಕೂತು ಜರುಗಿದ್ರೆ ಆತು. ಸಣ್ಣಿದ್ದಾಗ ಅಪ್ಪನ ದೋಣಿಗೆ ಹಂಗೇ ಹತ್ತಿದವಳು ನಾನು!"

"ಹಂಗಾದ್ರೆ ಇಷ್ಟು ದಿನ ಎಂತಕ್ಕೆ ಹತ್ಲಿಲ್ಲ ಅತ್ತೆ?"

"ನಮ್ಮ ಸಣ್ಣ ಬೋಟಿಗೆ ಬಾ ಅಂತ ಒಂದ್ಸಲ ಕರೀಬೇಕಲ್ಲ ಮಾರಾಯ್ತಿ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಕರೆದರೆ ಅತ್ತೆಗೆ ನೋವಾದೀತೆಂದು ಮಾವ ಕರೆಯಲಿಲ್ಲ. ಕರೆಯಲಿಲ್ಲವೆಂದು ಅತ್ತೆ ಹತ್ತಲಿಲ್ಲ. ಇಬ್ಬರ ನಡುವೆ ಎರಡು ವರ್ಷ ಹೋಯಿತು, ಒಂದು ಹಿತ್ತಲೂ ಹೋಗಿಬಿಡುತ್ತಿತ್ತು! ಮಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಹೊರಗೆ ಹೋಗಿ ಹಿತ್ತಲಿನ ಗಿರಾಕಿಗೆ ಫೋನ್ ಮಾಡಿ, ಸೋಮವಾರ ಬರುವುದು ಬೇಡ, ಯಾವ ವಾರವೂ ಬೇಡ ಎಂದರು. ಏಜೆಂಟ್ ಸಂಜೆ ಭರತ ಏರತೊಡಗಿದಾಗ ಬೋಟು ಬಿಡಿಸಿಕೊಂಡು ಗೋವಾ ಕಡೆಗೆ ಹೋದ. ಅಂದು ನಾನು ಕುಮಟಾಕ್ಕೆ ವಾಪಸಾಗುವಾಗ ಬಸ್ಸಿನಲ್ಲಿ ಕೂತು ಒಬ್ಬಳೇ ನಕ್ಕಿದ್ದು ನೋಡಿ ಪಕ್ಕದವರು ಜರುಗಿ ಕೂತರು.

ಹುಣ್ಣಿಮೆಯ ದಿನ ಮಧ್ಯಾಹ್ನದ ಹೊತ್ತಿಗೆ ಹೊಳೆ ಕಟ್ಟೆಯ ಅಂಚಿಗೆ ಬಂತು. ಅತ್ತೆ ಮದುವೆಮನೆಗೆ ಹೊರಟವರ ಹಾಗೆ ಸೀರೆಯುಟ್ಟು ಬಂದು ಕಟ್ಟೆಯ ಮೇಲೆ ಕೂತರು. ಮಾವ ಬೋಟಿನಲ್ಲಿ ನಿಂತು, ಊರಿಗೆಲ್ಲ ಕೇಳುವ ಡ್ರಿಲ್ ಮಾಸ್ತರರ ದನಿ ಎಲ್ಲಿ ಹೋಯಿತೋ, ಗಂಟಲೊಳಗೇ "ಬಾ" ಎಂದರು. ಅತ್ತೆ ಮೆಲ್ಲಗೆ ಸೀಟಿಗೆ ಜರುಗಿ, ಕಾಲು ಒಳಗಿಟ್ಟು, ಸೆರಗು ಸರಿಮಾಡಿಕೊಂಡರು. ಯಾರೂ ಎತ್ತಲಿಲ್ಲ, ಹಿಡಿಯಲೂ ಇಲ್ಲ.

ಉಳಿದ ಐದು ಸೀಟು ಖಾಲಿ. ನಾನು ತಿಂಡಿಯ ಚೀಲ, ಮೊಬೈಲು ಹಿಡಿದು ಒಂದು ಕಾಲು ಒಳಗಿಡಲು ಹೋದೆ. ಮಾವ ಕೈ ಅಡ್ಡ ಹಿಡಿದರು.

"ನೀ ನಾಳೆ ಬಾ ತಂಗೀ. ಇವತ್ತು ಬೋಟ್ ಫುಲ್."