ನಾಲ್ಕು ಬೆರಳಗಲ ತೆರೆಯುವ ಬೀರುವಿನ ಸನ್ನಿಧಿಗೆ

ಇವರಿಗೆ,
ಮಾನ್ಯ ಕಬ್ಬಿಣದ ಬೀರು ಅವರು,
ನೈರುತ್ಯ ಮೂಲೆ, ತೊಟ್ಟಿಲು ಸೇವಾ ಸಂಸ್ಥೆಯ ಕಚೇರಿ,
ಶಿವು ಅವರ ಹಾರ್ಡ್‌ವೇರ್ ಅಂಗಡಿಯ ಮಹಡಿ, ಬಾಳ್ಳುಪೇಟೆ.

ವಿಷಯ: ತಮ್ಮ ಬಾಗಿಲು ತೆರೆಯದೆ ಆದ ತೊಂದರೆ ಹಾಗೂ ತೆರೆದ ಮೇಲೆ ಆಗುತ್ತಿರುವ ತೊಂದರೆಯ ಬಗ್ಗೆ.

ಮಾನ್ಯರೇ,

ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ಮೈ ಅದುರಿಸಿ ಕಚೇರಿಯಲ್ಲಿ ಜೀವವಿದೆ ಎಂದು ಸಾರುವ ತಮಗೆ, ಅನುದಾನ ಅರ್ಜಿ ವಿಭಾಗದ ಏಕೈಕ ಸಿಬ್ಬಂದಿಯಾದ ನಾನು ಮೇಜಿನ ಈಚೆಯಿಂದಲೇ ಸಲ್ಲಿಸುವ ನಮಸ್ಕಾರಗಳನ್ನು ಸ್ವೀಕರಿಸಬೇಕು. ಎದುರು ನಿಂತು ಮಾತಾಡುವುದು ನನಗೆ ಮೊದಲಿನಿಂದಲೂ ಕಷ್ಟ, ಆದ್ದರಿಂದ ಬರೆಯುತ್ತಿದ್ದೇನೆ. ತಮ್ಮ ಎದುರು ನಿಲ್ಲಲು ಇಷ್ಟು ದಿನ ಕಂಬವೊಂದಕ್ಕೆ ಮಾತ್ರ ಅವಕಾಶವಿತ್ತು ಎಂಬುದು ಬೇರೆ ಮಾತು.

ಪಾಳ್ಯದಲ್ಲಿ ನಾವು ನಡೆಸುವ ಶಿಶುವಿಹಾರದ ಸಂಗತಿಯೆಲ್ಲ ತಮ್ಮ ಹೊಟ್ಟೆಯಲ್ಲೇ ಇದೆ. ಕಾಫಿ ಕುಯ್ಲಿಗೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಅಲ್ಲಿನ ಆಯಾ ಕೆಂಚಮ್ಮನ ಕೈಗೆ ಕೊಟ್ಟು ಹೋಗುತ್ತಾರೆ. ಅದಕ್ಕೆ ನೆರವಾಗುತ್ತಿದ್ದ ದಾನಿ ಸಂಸ್ಥೆ ಈ ವರ್ಷ ಹಿಂದೆ ಸರಿಯಿತು. ಕುಯ್ಲು ಶುರುವಾಗುವ ಮೊದಲು ಬೇರೆ ಅನುದಾನ ಸಿಗದಿದ್ದರೆ ಬಾಗಿಲು ಹಾಕಬೇಕು, ಮಕ್ಕಳು ಮತ್ತೆ ಕಾಫಿ ಗಿಡದ ಬುಡದಲ್ಲಿ ಗೋಣಿಚೀಲದ ಮೇಲೆ ಮಲಗಬೇಕು. ಹಿಂದೆ ಹಾಗೆ ಮಲಗಿಸಿದ್ದ ಚಂದ್ರಿಕಾಳ ಮಗುವಿನ ಕಿವಿಗೆ ಕೆಂಜಿರುವೆ ಹೊಕ್ಕಿತ್ತು, ಆ ಕಥೆಯನ್ನು ಪಾಳ್ಯದಲ್ಲಿ ಯಾರೂ ನಗುತ್ತಾ ಹೇಳುವುದಿಲ್ಲ.

ನಾವು ಬರೆದ ಅರ್ಜಿಗಳು ಒಂದರ ಹಿಂದೊಂದು ತಿರಸ್ಕೃತವಾಗುತ್ತಿದ್ದಾಗ, ನಮ್ಮ ಅಧ್ಯಕ್ಷರೂ ಕಾಫಿ ಬೆಳೆಗಾರರೂ ಆದ ವೀರಭದ್ರಯ್ಯನವರು ಹಾಸನದಲ್ಲಿ ನಡೆದ ತರಬೇತಿಯೊಂದಕ್ಕೆ ಹೋಗಿ, ಅನುದಾನ ಬೇಕಾದರೆ ಮೊದಲು ಕಚೇರಿ ಸರಿಯಿರಬೇಕು ಎಂಬ ಜ್ಞಾನವನ್ನು ಪಡೆದು ಬಂದರು. ದಾಖಲೆಗಳೆಲ್ಲ ಒಂದೇ ಕಡೆ ಇರಬೇಕು, ಕೊನೆಯ ದಿನಾಂಕಗಳು ಕಾಣುವಂತೆ ಗೋಡೆಗೊಂದು ಕ್ಯಾಲೆಂಡರ್ ಇರಬೇಕು, ಅರ್ಜಿಯ ಹೊಣೆ ಒಬ್ಬರ ಮೇಲಿರಬೇಕು ಎಂದು ಅಲ್ಲಿ ಹೇಳಿದ್ದರಂತೆ. ಮೂರನ್ನೂ ಅವರು ಶ್ರದ್ಧೆಯಿಂದ ಪಾಲಿಸಿದರು. ಗೋಡೆಗೆ ರಾಹುಕಾಲ, ಗುಳಿಕಕಾಲಗಳಿರುವ ಪಂಚಾಂಗದ ಕ್ಯಾಲೆಂಡರ್ ಬಂತು. ಕುರ್ಚಿ, ಕಪಾಟು, ಕಿಟಕಿಯ ದಂಡೆಗಳಲ್ಲಿ ಸುಖವಾಗಿದ್ದ ಕಾಗದಗಳೆಲ್ಲ ತಮ್ಮೊಳಗೆ ಬಂದವು. ಹೊಣೆ ಯಾರದೆಂಬ ಪ್ರಶ್ನೆ ಮಾತ್ರ ಸ್ವಲ್ಪ ದಿನ ಉಳಿದಿತ್ತು.

ಅಷ್ಟರಲ್ಲಿ ಅಧ್ಯಕ್ಷರ ಭಾವಮೈದುನ, ವಾಸ್ತು ಬಲ್ಲ ಯೋಗಾನಂದ ಅವರು ಬಂದು, ದುಡ್ಡು ತರುವ ಬೀರು ನೈರುತ್ಯದಲ್ಲಿ ನಿಂತು ಕುಬೇರನಿರುವ ಉತ್ತರಕ್ಕೆ ಮುಖ ಮಾಡಬೇಕೆಂದರು. ತಮ್ಮನ್ನು ಕೋಣೆಯ ನಡುವೆ ನಿಲ್ಲಿಸಿ, ಬೀಗ ಹಾಕಿ, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು, ಆಮೇಲೆ ಮೂಲೆಗೆ ತಳ್ಳಲಾಯಿತು. ಉತ್ತರಕ್ಕೆ ಕುಬೇರನಿಗಿಂತ ಮೊದಲು ಕಟ್ಟಡದ ಕಂಬವಿದೆ ಎಂಬುದು ಆಗ ಯಾರ ಗಮನಕ್ಕೂ ಬರಲಿಲ್ಲ. ಮರುದಿನ ಬೀಗ ತೆಗೆದಾಗ ತಮ್ಮ ಬಾಗಿಲು ನಾಲ್ಕು ಬೆರಳಗಲ ಸರಿದು ಕಂಬಕ್ಕೆ ತಾಗಿ ನಿಂತಿತು. ಆಗಲೇ ತಮ್ಮನ್ನು ಪಕ್ಕಕ್ಕೆ ತಿರುಗಿಸಬಹುದಿತ್ತು. ಆದರೆ ಅದೇ ಹೊತ್ತಿಗೆ ಬೆಂಗಳೂರಿನ ದಾನಿ ಸಂಸ್ಥೆಯೊಂದು ಫೋನ್ ಮಾಡಿ, ನೀವೂ ಅರ್ಜಿ ಹಾಕಬಹುದು ಎಂದಿತು. ಅಲ್ಲಿಗೆ ತಮ್ಮ ಮಹಿಮೆ ಸ್ಥಾಪನೆಯಾಯಿತು. ನಾಲ್ಕು ಬೆರಳಿನ ಸಂದಿಯಲ್ಲಿ ತೂರುವ ಕೈ ಕಚೇರಿಯಲ್ಲಿ ನನ್ನದೊಂದೇ ಆದ್ದರಿಂದ ಅರ್ಜಿಯ ಹೊಣೆಯೂ ತೀರ್ಮಾನವಾಯಿತು. ಕನ್ನಡ ಎಂ.ಎ.ಯಲ್ಲಿ ನನಗೆ ಬಂದ ಅಂಕಗಳನ್ನು ಯಾರೂ ಕೇಳಲಿಲ್ಲ.

ತಮ್ಮ ಭದ್ರತೆಯನ್ನು ಎಷ್ಟು ಹೊಗಳಿದರೂ ಸಾಲದು. ತಮ್ಮೊಳಗಿದ್ದ ಕಾಗದ ಕಳ್ಳನಿಗೂ ಸಿಗುತ್ತಿರಲಿಲ್ಲ, ಆಡಿಟರಿಗೂ ಸಿಗುತ್ತಿರಲಿಲ್ಲ. ಆಡಿಟ್ ವರದಿಗೆಂದು ಕೈ ಹಾಕಿದರೆ ತಾವು ಪ್ರೀತಿಯಿಂದ ಅಧ್ಯಕ್ಷರ ಮಗಳ ಮದುವೆಯ ಕರೆಯೋಲೆ ಕೊಟ್ಟಿರಿ. ಪಾನ್ ಕಾರ್ಡಿಗೆ ಕೈ ಹಾಕಿದರೆ ಶಿಶುವಿಹಾರಕ್ಕೆ ತಂದ ಅವಲಕ್ಕಿಯ ರಸೀದಿ ಕೊಟ್ಟಿರಿ. ದೇವಸ್ಥಾನಗಳಲ್ಲಿ ಹೂವಿನ ಪ್ರಸಾದ ಕೇಳುವವರೂ ತಮ್ಮ ಮುಂದೆ ನಾನು ನಿಂತಷ್ಟು ಭಯಭಕ್ತಿಯಿಂದ ನಿಂತಿರಲಾರರು. ಹೀಗೆ ಒಂದೊಂದಾಗಿ ಎಲ್ಲ ದೊರೆತು, ಹಿಂದಿನ ಮೂಲೆಯಲ್ಲಿದ್ದ ಸಂಸ್ಥೆಯ ನೋಂದಣಿ ಪತ್ರವೊಂದೇ ಉಳಿಯಿತು.

ಅರ್ಜಿಯ ಕೊನೆಯ ದಿನ ಮಂಗಳವಾರ, ಸಂಜೆ ಐದಕ್ಕೆ ಆನ್‌ಲೈನ್ ಬಾಗಿಲು ಮುಚ್ಚುವುದಿತ್ತು. ಏನಾಯಿತೆಂದು ಕೇಳಲು ಕೆಂಚಮ್ಮ ಪಾಳ್ಯದಿಂದ ಬಸ್ಸು ಹಿಡಿದು ಬಂದು ಬೆಂಚಿನ ಮೇಲೆ ಕೂತಿದ್ದಳು. ನನ್ನ ಕೈ ಮೂಲೆಗೆ ಎಟುಕುವುದಿಲ್ಲ, ಬೀರುವನ್ನು ಸ್ವಲ್ಪ ತಿರುಗಿಸೋಣವೇ ಎಂದು ನಾನು ಅಧ್ಯಕ್ಷರನ್ನು ನನಗೇ ಕೇಳಿಸದಷ್ಟು ಮೆಲ್ಲಗೆ ಕೇಳಿದೆ. ಬಂದ ಲಕ್ಷ್ಮಿಯ ಮುಖ ತಿರುಗಿಸುವ ಮಾತಾಡಬಾರದೆಂದೂ, ಈಗಿನ ಓದಿದವರಿಗೆ ಹುಡುಕಲು ಬರುವುದಿಲ್ಲವೆಂದೂ ಹೇಳಿ ಅವರು ಬಲಗೈಯನ್ನು ಉಸಿರು ಬಿಗಿಹಿಡಿದು ಮೊಣಕೈಯ ಮೇಲಿನವರೆಗೂ ತಮ್ಮೊಳಗೆ ತೂರಿಸಿದರು. ನೋಂದಣಿ ಪತ್ರ ಅವರ ಕೈಗೆ ಸಿಕ್ಕಿತು. ಕೈ ಮಾತ್ರ ಹೊರಗೆ ಬರಲಿಲ್ಲ.

ಎಳೆದರು, ತಿರುಚಿದರು, ಕೊಬ್ಬರಿ ಎಣ್ಣೆ ತರಿಸಿದರು. ಕೆಳಗಿನಿಂದ ಶಿವು ಓಡಿಬಂದು ಬೀರು ತಿರುಗಿಸಲು ಮುಂದಾದ. ಅಧ್ಯಕ್ಷರು ಕ್ಯಾಲೆಂಡರಿನತ್ತ ಎಡಗೈ ತೋರಿಸಿದರು. ಮಂಗಳವಾರದ ರಾಹುಕಾಲ ಆಗಷ್ಟೇ ಶುರುವಾಗಿತ್ತು. ಮುಟ್ಟಲೇಬೇಕೆಂದರೆ ನಾಲ್ಕೂವರೆ ಕಳೆಯಲಿ ಎಂದರು. ಪತ್ರ ಸ್ಕ್ಯಾನ್ ಮಾಡಲು ಆಲೂರಿಗೆ ಹೋಗುವಷ್ಟು ಹೊತ್ತೂ ಉಳಿಯುವುದಿಲ್ಲವೆಂದು ಹೇಳಲು ನಾನು ಬಾಯಿ ತೆರೆದೆ, ಮತ್ತೆ ಮುಚ್ಚಿದೆ.

ಕೆಂಚಮ್ಮ ಎದ್ದು ಬಂದು ಸಂದಿಯಲ್ಲಿ ಇಣುಕಿ, "ಕುಬೇರ ಗಟ್ಟಿಯಾಗೇ ಕೈ ಹಿಡ್ಕಂಡವ್ನೆ ಅಯ್ನೋರೆ, ಬುಡೋ ಹಂಗೆ ಕಾಣಾಕಿಲ್ಲ" ಎಂದಳು.

ಅಧ್ಯಕ್ಷರು, "ತಮಾಷೆ ಸಾಕು ಕಣಮ್ಮ, ರಾವುಕಾಲ ಕಳಿಲಿ" ಎಂದರು.

"ನೀವು ಕಾಯ್ಬೌದು ಅಯ್ನೋರೆ, ನಿಮ್ಗೆ ಒರಗ್ಕಣಕೆ ಬೀರು ಐತೆ. ಕಾಪಿ ಹಣ್ಣು ಕಾಯಾಕಿಲ್ಲ. ಆ ಮಕ್ಳುನ್ನ ಇರುವೆ ಬಾಯಿಗೆ ಹಾಕ್ಬುಟ್ಟು ನಾನು ಯಾವ ಕಾಲ ನೋಡ್ಲಿ?"

ಅಧ್ಯಕ್ಷರು ಸಿಕ್ಕಿಬಿದ್ದ ಕೈಯನ್ನು ಇನ್ನೊಮ್ಮೆ ಎಳೆದು ನೋಡಿದರು. ಆಮೇಲೆ ಕಂಬವನ್ನೇ ನೋಡುತ್ತಾ, "ಮೆಲ್ಲುಕ್ ತಿರುಗ್ಸಪ್ಪ ಶಿವು, ಕೈ ಐತೆ ಒಳಗೆ" ಎಂದರು.

ಶಿವು ಮತ್ತು ಕೆಂಚಮ್ಮ ತಮ್ಮನ್ನು ಇಷ್ಟಿಷ್ಟೇ ಪೂರ್ವಕ್ಕೆ ತಿರುಗಿಸಿದಂತೆ ಅಧ್ಯಕ್ಷರೂ ಒಂದು ಕೈ ಒಳಗಿಟ್ಟುಕೊಂಡೇ ತಮ್ಮ ಜೊತೆ ಪ್ರದಕ್ಷಿಣೆ ಬಂದರು. ಮೂಲೆ ಸೇರಿದ ಮೇಲೆ ತಮ್ಮ ಬಾಗಿಲು ಮೊದಲ ಬಾರಿಗೆ ಪೂರ್ತಿ ತೆರೆಯಿತು. ಸ್ಕ್ಯಾನರ್ ಇಲ್ಲದ ಕಾರಣ ಎಣ್ಣೆಯ ಬೆರಳಚ್ಚುಗಳಿದ್ದ ನೋಂದಣಿ ಪತ್ರವನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ರಾಹುಕಾಲದಲ್ಲೇ ಅರ್ಜಿ ಕಳಿಸಿದೆವು.

ಅನುದಾನ ಬಂತು. ಕುಯ್ಲು ಶುರುವಾದ ದಿನ ಕೆಂಚಮ್ಮ ಶಿಶುವಿಹಾರದ ಬಾಗಿಲು ತೆಗೆದಳು. ಚಂದ್ರಿಕಾ ಎರಡನೆಯ ಮಗುವನ್ನು ಕೊಟ್ಟು, ಹಿಂದೆ ತಿರುಗಿ ನೋಡದೆ ಕೆಲಸಕ್ಕೆ ಹೋದಳಂತೆ.

ಹೀಗಿರುವಾಗ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಬಾಗಿಲು ಪೂರ್ತಿ ತೆರೆಯುವ ಈ ಒಳ್ಳೆಯ ಅಭ್ಯಾಸವನ್ನು ತಾವು ಮುಂದುವರಿಸಬೇಕು. ಒಬ್ಬೊಬ್ಬ ದಾನಿಯ ಕಾಗದವನ್ನು ಒಂದೊಂದು ಕಡತದಲ್ಲಿಟ್ಟು ಹೊರಗೆ ಹೆಸರು ಬರೆದಿದ್ದೇನೆ, ರಾತ್ರಿ ಲಾರಿಗಳು ಹೋಗುವಾಗ ತಾವು ಅವುಗಳನ್ನು ಕಲಸಬಾರದು. ಸಾಧ್ಯವಾದರೆ ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲೇ ಬೇಕಾದ ಪತ್ರವನ್ನು ತಾವಾಗಿಯೇ ಕೆಮ್ಮಿ ಹೊರಹಾಕಬೇಕು. ಯೋಗಾನಂದ ಅವರು ಬಂದಾಗ ಮಾತ್ರ ದಯವಿಟ್ಟು ಬಡ ಬೀರುವಿನಂತೆ ಸುಮ್ಮನೆ ನಿಲ್ಲಬೇಕು.

ಕೈ ತೂರಿಸುವ ಕೆಲಸದಿಂದ ಬಿಡುಗಡೆಗೊಂಡರೂ ಹೊಣೆಯಿಂದ ಬಿಡುಗಡೆಗೊಳ್ಳದ,
ತಮ್ಮ ವಿಶ್ವಾಸಿ,
ರಶ್ಮಿತಾ

ವಿ.ಸೂ.: ತಾವು ಈಗ ಮುಖ ಮಾಡಿರುವುದು ನಮ್ಮ ಕಚೇರಿಯ ಶೌಚಾಲಯಕ್ಕೆ. ಅನುದಾನ ಬಂದದ್ದು ಈ ದಿಕ್ಕಿನಿಂದಲೇ ಎಂದು ಯೋಗಾನಂದ ಅವರು ಲೆಕ್ಕ ಹಾಕಿ ಹೇಳಿದ್ದಾರೆ. ತಮ್ಮ ದೃಷ್ಟಿಗೆ ಅಡ್ಡಿಯಾಗಬಾರದೆಂದು ಅಧ್ಯಕ್ಷರು ಅದರ ಬಾಗಿಲನ್ನು ಇನ್ನು ಮುಂದೆ ಯಾವ ಕಾರಣಕ್ಕೂ ಮುಚ್ಚಕೂಡದೆಂದು ಆದೇಶಿಸಿದ್ದಾರೆ. ಆದ್ದರಿಂದ ತಾವು ದಿನಕ್ಕೆ ಒಂದೆರಡು ಬಾರಿ, ಕೆಲವೇ ನಿಮಿಷ, ಕಣ್ಣು ಮುಚ್ಚಿಕೊಳ್ಳಲು ಒಪ್ಪಿದರೆ ಸಿಬ್ಬಂದಿ ವರ್ಗ ತಮಗೆ ಚಿರಋಣಿ.