ಬಾನೆಟ್ಟಿನೊಳಗಿನ ಹೊಗೆಸೊಪ್ಪು

ಹಳೆಯ ದೊಡ್ಡ ಕಾರು ಕೊಂಡವರಿಗೆ ಮೊದಲು ನೆಮ್ಮದಿ ಹೋಗುತ್ತದೆ, ಆಮೇಲೆ ಕಿವಿ ಕೆಡುತ್ತದೆ. ಬೇಡದ್ದೆಲ್ಲ ಕೇಳಿಸತೊಡಗುತ್ತದೆ. ನಾನು ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ಸ್ಟಾಫ್ ರೂಮಿನ ಫ್ಯಾನು ಟಿಕ್ ಟಿಕ್ ಅಂದರೆ ಬೇರಿಂಗು ಹೋಯಿತೆಂದು ನನ್ನ ಎದೆ ಧಸಕ್ಕೆನ್ನುತ್ತದೆ. ಪಕ್ಕದ ಮನೆಯ ಕುಕ್ಕರ್ ಉಸ್ಸೆಂದರೆ ಸೌಟು ಕೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಓಡುತ್ತೇನೆ. ಕಾರಣ ಇದೆ. ನನ್ನ ಕಾರು ನಿಂತಿರುವುದು ಸ್ಪ್ರಿಂಗಿನ ಮೇಲಲ್ಲ, ಗಾಳಿ ತುಂಬಿದ ಚೀಲಗಳ ಮೇಲೆ. ಆ ಗಾಳಿ ಯಾವಾಗ ಬೇಕಾದರೂ ಇಳಿಯುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಕಾರು ಮುಂಗಾಲು ಮಡಚಿದ ಎಮ್ಮೆಯಂತೆ ಅಂಗಳದಲ್ಲಿ ಕೂತಿರುತ್ತದೆ. ನಮ್ಮ ಯಜಮಾನರು ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ಇಣುಕಿ, "ನಿನ್ನ ಎಮ್ಮೆ ಇವತ್ತು ಏಳೋ ಹಾಗೆ ಕಾಣಲ್ಲ, ಬಸ್ಸಿಗೆ ಹೊರಡು" ಅನ್ನುತ್ತಾರೆ. ಆ ಮನುಷ್ಯನಿಗೆ ಇಡೀ ದಿನದಲ್ಲಿ ಅಷ್ಟು ಸಂತೋಷ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಅದನ್ನು ಯಾಕೆ ಕೊಂಡೆ ಅಂತ ಕೇಳಬೇಡಿ. ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಕಾರಣ ಹೇಳಿ ಸಿಕ್ಕಿಬಿದ್ದಿದ್ದೇನೆ. ನಾನು ಮೂರನೇ ಒಡತಿ. ನಾಲ್ಕೂ ಚಕ್ರ ತಿರುಗಿಸುವ ಇಂಜಿನ್ನು, ಚರ್ಮದ ಸೀಟು, ಕಲ್ಲು, ಮರಳು, ಕೆಸರು, ಹಿಮ ಎಂದು ಚಿತ್ರ ಬರೆದ ಒಂದು ತಿರುಗುಗುಂಡಿ. ಚಿಂತಾಮಣಿಯಲ್ಲಿ ಹಿಮ ಬಿದ್ದ ದಿನ ನಾನೊಬ್ಬಳೇ ಸ್ಕೂಲಿಗೆ ಹಾಜರಾಗುತ್ತೇನೆ, ಅನುಮಾನವೇ ಬೇಡ. ಬಿಡಿ ಭಾಗಗಳು ಮಾತ್ರ ಕೇಳಿದ ದಿನ ಸಿಕ್ಕಿದ್ದೇ ಇಲ್ಲ.

ಒಂದು ಬೆಳಿಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಇದ್ದಬದ್ದ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಮೆಕ್ಯಾನಿಕ್ ಬಾಬು ಬಾನೆಟ್ಟು ಎತ್ತಿ ನೋಡಿ, ಇಲಿ ಕಡಿದ ವೈರೊಂದನ್ನು ಸತ್ತ ಹಾವಿನಂತೆ ಎತ್ತಿ ತೋರಿಸಿದ. "ಹೊಗೆಸೊಪ್ಪು ಗಂಟು ಕಟ್ಟಿಡಿ ಮೇಡಂ. ಆ ವಾಸನೆಗೆ ಇಲಿ ಈ ಕಡೆ ತಲೆ ಹಾಕಿ ಮಲಗಲ್ಲ" ಅಂದ. ನಾನು ಯಾವುದನ್ನೂ ಅರ್ಧಂಬರ್ಧ ಮಾಡುವವಳಲ್ಲ. ಘಾಟಾದ ಸೊಪ್ಪನ್ನೇ ಹುಡುಕಿ ತಂದು, ಯಜಮಾನರ ಹಳೆಯ ಪಂಚೆ ಹರಿದು, ಐದು ಗಂಟು ಮಾಡಿ ಇಂಜಿನ್ನಿನ ಸುತ್ತ ಬಿಗಿದೆ. ಇಲಿ ಕಾಟ ನಿಂತಿತು. ವಾರ ಕಳೆಯುವಷ್ಟರಲ್ಲಿ ನಾನೂ ಗಂಟುಗಳನ್ನು ಮರೆತೆ.

ಆಗ ಸಾದಲಿಯಿಂದ ಅತ್ತಿಗೆಯ ಫೋನು ಬಂತು. ಅಣ್ಣ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿ ಮಂಚದ ಮೇಲಿದ್ದ. ಈ ಸಲದ ರೇಷ್ಮೆ ಬೆಳೆಯನ್ನು ಅತ್ತಿಗೆ ಒಬ್ಬರೇ ಮೈಮೇಲೆ ಹಾಕಿಕೊಂಡಿದ್ದರು. "ನಿನ್ನಿಂದ ಆಗಲ್ಲ, ಒಂದು ಬೆಳೆ ಬಿಟ್ಟುಬಿಡು" ಎಂದು ಅಣ್ಣ ಹೇಳಿದ್ದ, ಅದಕ್ಕೇ ಹಟ. ನೂರು ಮೊಟ್ಟೆಯ, ಅಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳ, ಮರಿಹುಳುಗಳನ್ನು ಶಿಡ್ಲಘಟ್ಟದ ಹತ್ತಿರದ ಚಾಕಿ ಕೇಂದ್ರದಿಂದ ತರಬೇಕು. ಮೊಟ್ಟೆಯೊಡೆದ ಹುಳುಗಳನ್ನು ಎರಡು ಸಲ ಪೊರೆ ಬಿಡುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ತರಬೇಕಾದ ಟೆಂಪೋದವನು ಮದುವೆಗೆ ಹೋಗಿ ಕೈಕೊಟ್ಟಿದ್ದ.

"ಸುಮಮ್ಮ, ನಿನ್ನ ಗಾಡೀಲಿ ಏಸಿ ಐತಲ್ಲ, ಹುಳ ತಣ್ಣಗೆ ಬರ್ತವೆ" ಅಂದರು. ಆಮೇಲೆ ತಡೆದು, "ಸೀಟು ಗಲೀಜಾಯ್ತದೇನೋ, ಬೇಡ ಅಂದ್ರೆ ಬೇಡಮ್ಮ" ಅಂದರು.

ಆ ಕಾರು ಕೊಂಡ ಮೇಲೆ ಒಬ್ಬರು ನನ್ನನ್ನು ಉಪಕಾರ ಕೇಳಿದ್ದು ಅದೇ ಮೊದಲು. ಕುಣಿದುಕೊಂಡು ಹೋದೆ.

ಚಾಕಿ ಕೇಂದ್ರದಲ್ಲಿ ತಡವಾಗಿ, ಹೊರಡುವ ಹೊತ್ತಿಗೆ ಬಿಸಿಲು ಏರಿತ್ತು. ಹಿಂದಿನ ಸೀಟಿನ ಮೇಲೆ ಒಗೆದ ದುಪಟಿ ಹಾಸಿ, ಪೇಪರು ಹೊದಿಸಿದ ಟ್ರೇಗಳನ್ನು ಜೋಡಿಸಿ, ಪಕ್ಕದಲ್ಲಿ, ಬಸ್ಸಿನಲ್ಲಿ ಅಲ್ಲಿಗೇ ಬಂದಿದ್ದ ಅತ್ತಿಗೆ ಕೂತರು. ಹತ್ತುವಾಗಲೇ ಮೂಗು ಅರಳಿಸಿ, "ಏನೋ ವಾಸ್ನೆ ಅಲ್ವಾ?" ಅಂದರು.

"ಚರ್ಮದ ಸೀಟು ಅತ್ತಿಗೆ. ಇಂಥ ಗಾಡಿಗಳೆಲ್ಲ ಹಂಗೇ ಇರೋದು" ಅಂದೆ. ಹೇಳುವಾಗ ಕತ್ತು ಒಂದಂಗುಲ ಉದ್ದವಾಗಿತ್ತು ಎಂದೂ ಒಪ್ಪಿಕೊಳ್ಳುತ್ತೇನೆ. ಅವರು ಟ್ರೇಗಳ ಪೇಪರು ಸರಿಮಾಡತೊಡಗಿದರು.

ದಿಬ್ಬೂರಹಳ್ಳಿ ದಾಟುವ ಹೊತ್ತಿಗೆ ಇಂಜಿನ್ನು ಕಾದಿತ್ತು. ಏಸಿಯ ಕಿಂಡಿಯಿಂದ ಒಂದು ಘಾಟು ತೇಲಿಬಂದು ಮೂಗಿಗೆ ಬಡಿಯಿತು. ಚರ್ಮದ ವಾಸನೆ ಸೀನು ತರಿಸುವುದಿಲ್ಲ. ನಾನು ಸೀನಿದೆ. ಸೀನಿದ ಮರುಕ್ಷಣ ಐದು ಗಂಟುಗಳೂ ಕಣ್ಣೆದುರು ಬಂದು ನಿಂತವು. ನಾನು ಹುಟ್ಟಿ ಬೆಳೆದದ್ದು ರೇಷ್ಮೆ ಮನೆಯಲ್ಲಿ. ಬೀಡಿ ಸೇದಿದವರನ್ನು, ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಂಡವರನ್ನು ನಮ್ಮಮ್ಮ ಹುಳುಮನೆಯ ಹೊಸಿಲು ತುಳಿಯಲು ಬಿಡುತ್ತಿರಲಿಲ್ಲ. ಹೊಗೆಸೊಪ್ಪು ರೇಷ್ಮೆ ಹುಳುವಿಗೆ ವಿಷ. ತಾಕಿದರೆ ಹುಳು ತಲೆ ಎತ್ತಿ ಆಡಿಸುತ್ತದೆ, ಹಸಿರು ಕಕ್ಕುತ್ತದೆ, ಸಾಯುತ್ತದೆ. ಆ ಘಾಟನ್ನು ತಣ್ಣಗೆ ಮಾಡಿ, ಫ್ಯಾನು ಹಾಕಿ, ಅತ್ತಿಗೆಯ ಹುಳುಗಳ ಮೇಲೆ ನಾನೇ ಊದಿಸುತ್ತಿದ್ದೆ.

ಸದ್ದಿಲ್ಲದೆ ಏಸಿ ಆರಿಸಿ ಕಿಟಕಿ ಇಳಿಸಿದೆ. "ಬಿಸಿಗಾಳಿ ಹೊಡೀತೈತೆ, ಏಸಿ ಹಾಕಮ್ಮ" ಅಂದರು ಅತ್ತಿಗೆ. "ಒಸಿ ತಡೀರಿ" ಅಂದೆ. ನಿಜ ಹೇಳಲು ಬಾಯಿ ಬರಲಿಲ್ಲ, ನನ್ನ ಮಾನದ ಪ್ರಶ್ನೆ. ಯಾವುದಾದರೂ ಒಂದು ಕೆಂಪು ದೀಪ ಹತ್ತಲಿ, ಅದರ ನೆಪದಲ್ಲಿ ನಿಲ್ಲಿಸಿ ಗಂಟು ಬಿಸಾಕೋಣ ಎಂದು ಡ್ಯಾಶ್‌ಬೋರ್ಡು ನೋಡಿದೆ. ವರ್ಷವಿಡೀ ಸುಮ್ಮಸುಮ್ಮನೆ ಹತ್ತುವ ದೀಪಗಳು ಆವತ್ತು ಒಂದೂ ಹತ್ತಲಿಲ್ಲ. ಗಾಳಿ ಇಳಿಯಲಿಲ್ಲ, ಗಡಗಡ ಇಲ್ಲ, ಕಾರು ಹೊಸ ಮದುಮಗನಂತೆ ಓಡುತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಅತ್ತಿಗೆ ಪೇಪರಿನ ಅಂಚು ಎತ್ತಿ ಹುಳು ನೋಡುತ್ತಿದ್ದರು. ನೋಡುತ್ತಿದ್ದವರು ಇನ್ನೂ ಬಗ್ಗಿದರು. "ಇದ್ಯಾಕೆ ಒಂದೆರಡು ತಲೆ ಎತ್ತಿ ಆಡಿಸ್ತವೆ?" ಎಂದು ತಮಗೆ ತಾವೇ ಅಂದುಕೊಂಡರು. ಅವರು ತೆಲುಗು ಮಾತಿನ ನಗರಗೆರೆ ಕಡೆಯವರು, ಗಾಬರಿಯಾದರೆ ಕನ್ನಡ ಹಿಂದೆ ಬೀಳುತ್ತದೆ. "ಅಯ್ಯೋ ದೇವುಡಾ" ಎಂಬುದು ಕೇಳಿಸಿದ್ದೇ ನನ್ನ ಕಾಲು ತಾನಾಗಿ ಬ್ರೇಕು ಒತ್ತಿತು.

ಹೊಂಗೆ ಮರದಡಿ ನಿಲ್ಲಿಸಿ, ಬಾನೆಟ್ಟು ಎತ್ತಿ, ಬಿಸಿ ಇಂಜಿನ್ನಿಗೆ ಕೈ ಸುಟ್ಟುಕೊಂಡು ಗಂಟು ಕಿತ್ತೆ. ಮೂರನೆಯದು ಕೀಳುವಾಗ ಅತ್ತಿಗೆ ಪಕ್ಕದಲ್ಲಿ ನಿಂತಿದ್ದರು.

"ಏನಮ್ಮ ಅದು?"

"ಹೊಗೆಸೊಪ್ಪು ಅತ್ತಿಗೆ. ಇಲಿಗೆ ಅಂತ ನಾನೇ ಕಟ್ಟಿದ್ದು. ಮರೆತುಬಿಟ್ಟಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಓಡಿಹೋಗಿ ಟ್ರೇಗಳನ್ನು ಒಂದೊಂದಾಗಿ ಇಳಿಸಿ ನೆರಳಿನಲ್ಲಿಟ್ಟರು. ನಾನು ಹಿಡಿಯಲು ಹೋದೆ. "ಮುಟ್ಬೇಡ! ನಿನ್ನ ಕೈಯೆಲ್ಲ ಅದೇ. ಅಲ್ಲೇ ನಿಂತ್ಕೊ" ಅಂದರು. ಅವರು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಟೊಮ್ಯಾಟೊ ಕ್ರೇಟು ಖಾಲಿ ಮಾಡಿ ಬರುತ್ತಿದ್ದ ಒಂದು ಲಗೇಜ್ ಆಟೋಗೆ ಕೈ ಅಡ್ಡ ಹಿಡಿದು, ಡ್ರೈವರಿನ ಬಾಯಿ ಮೂಸಿ ನೋಡುವಷ್ಟು ಹತ್ತಿರ ಹೋಗಿ, "ಬೀಡಿ ಗೀಡಿ ಸೇದ್ತೀಯೇನಪ್ಪ?" ಎಂದು ಕೇಳಿದರು. ಅವನು ತಬ್ಬಿಬ್ಬಾಗಿ ಇಲ್ಲವೆಂದ. ಟ್ರೇಗಳ ಜೊತೆ ಹಿಂದೆ ನಿಂತು ಹೊರಟೇಹೋದರು. ಕಲ್ಲು, ಮರಳು, ಕೆಸರು, ಹಿಮ ಯಾವುದಕ್ಕೂ ಜಗ್ಗದ ನನ್ನ ಕಾರು ಸಾದಲಿಯವರೆಗೆ ಆ ಆಟೋದ ಹಿಂದೆ, ಅದರ ಗಾಳಿಗೂ ಸಿಗದಷ್ಟು ದೂರದಲ್ಲಿ, ತೆವಳಿಕೊಂಡು ಹೋಯಿತು.

ಹುಳು ಉಳಿಯಿತೋ ಇಲ್ಲವೋ ಗೊತ್ತಾಗಲು ಮುಂದಿನ ಪೊರೆ ಬಿಡುವವರೆಗೆ ಕಾಯಬೇಕಿತ್ತು. ಅತ್ತಿಗೆ ಫೋನು ಮಾಡಲಿಲ್ಲ. ನನಗೆ ಮಾಡುವ ಧೈರ್ಯವಿರಲಿಲ್ಲ. ಕ್ಲಾಸಿನಲ್ಲಿ ಒಂದು ಸುಲಭದ ಲೆಕ್ಕವನ್ನು ಎರಡು ಸಲ ತಪ್ಪು ಮಾಡಿದೆ. ಯಜಮಾನರು ಕೂಡ ಎಮ್ಮೆಯ ಮಾತು ಎತ್ತಲಿಲ್ಲ, ಅದರಿಂದ ನನಗೆ ಇನ್ನಷ್ಟು ಹೆದರಿಕೆಯಾಯಿತು. ಐದನೇ ದಿನ ಅಣ್ಣ ಫೋನು ಮಾಡಿ, "ಒಂದು ಟ್ರೇ ಹೋಯ್ತು. ಮಿಕ್ಕಿದ್ದೆಲ್ಲ ಪೊರೆ ಬಿಟ್ಟು ಎದ್ದವೆ, ಸೊಪ್ಪು ತಿಂತಾವೆ. ನಿಮ್ಮತ್ತಿಗೆ ಗೆದ್ದಳು ಕಣೇ" ಅಂದ. ನಾನು ಫೋನು ಹಿಡಿದುಕೊಂಡೇ ಅತ್ತುಬಿಟ್ಟೆ.

ಭಾನುವಾರ ಕ್ಷಮೆ ಕೇಳಲು ಬಸ್ಸಿನಲ್ಲಿ ಸಾದಲಿಗೆ ಹೋದೆ. ಅತ್ತಿಗೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು. ಹೊಸಿಲ ಹೊರಗಿನಿಂದಲೇ, "ತಪ್ಪಾಯ್ತು ಅತ್ತಿಗೆ. ನಿಮಗೆ ಆವತ್ತು ಗೊತ್ತಾಗಲೇ ಇಲ್ವಾ?" ಅಂದೆ.

"ಹತ್ತೋವಾಗ್ಲೇ ಗೊತ್ತಾಯ್ತು" ಅಂದರು, ತಲೆ ಎತ್ತದೆ. "ಹೊಗೆಸೊಪ್ಪು ವಾಸ್ನೆ ನಂಗೆ ಗೊತ್ತಾಗಲ್ವಾ? ನೀನು ಇಂಥಾ ಗಾಡಿ ಎಲ್ಲಾ ಹಂಗೇ ಅಂದೆ. ದೊಡ್ಡ ಗಾಡಿ ಇಚಾರ ನಮಗೇನು ತಿಳೀತದೆ, ಕೇಳಿದ್ರೆ ನಗ್ತಾಳೇನೋ ಅಂತ ಬಾಯಿ ಮುಚ್ಕೊಂಡೆ."

ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಇನ್ಮೇಲೆ ನನ್ನ ಹತ್ರ ಏನು ವಾಸನೆ ಬಂದ್ರೂ ಮುಖಕ್ಕೆ ಹೊಡೆದ ಹಾಗೆ ಕೇಳಿಬಿಡಿ ಅತ್ತಿಗೆ" ಅಂದು, ಅವರ ಕೈ ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟೆ.

ಅತ್ತಿಗೆ ಮೂಗು ಅರಳಿಸಿದರು. "ಏನದು, ಸೆಂಟಾ?"

ಹೊಗೆಸೊಪ್ಪಿನ ಸುಳಿವೂ ಉಳಿಯಬಾರದೆಂದು ಹೊರಡುವ ಮುಂಚೆ ಕತ್ತಿಗೆ, ಕೈಗೆ, ಸೆರಗಿಗೆ ಧಾರಾಳವಾಗಿ ಹಾಕಿಕೊಂಡಿದ್ದೆ. ಹೌದು ಎಂದು ತಲೆಯಾಡಿಸಿದೆ.

"ಹುಳಕ್ಕೆ ಅದೂ ಆಗಲ್ಲ. ಆಚೆ ನಡಿ" ಅಂದರು. ನಾನು ಅಂಗಳದ ಮಧ್ಯಕ್ಕೆ ಬಂದು ನಿಂತೆ. ಅತ್ತಿಗೆ ಬಾಗಿಲಲ್ಲಿ ತಲೆ ಹಾಕಿ, "ಇನ್ನೂ ಆ ಕಡೆ" ಅಂದರು.