ಖೂನಿಗಾರನಿಗೆ ಮುಂಗಡ ಆಯೇರಿ

ಬದರುನ್ನಿಸಾಳನ್ನು ನಾನು ಮೊದಲು ಕಂಡದ್ದಲ್ಲ, ಕೇಳಿದ್ದು. ಆಗ ನಾನು ಹಳಿಯಾಳದಲ್ಲಿ ಹೊಸದಾಗಿ ಕನ್ನಡ ಮಾಸ್ತರನಾಗಿದ್ದೆ. ಒಂದು ರವಿವಾರ ದಾಂಡೇಲಿಗೆ ಹೋಗಿ ಪತ್ತೇದಾರಿ ಸಿನಿಮಾಕ್ಕೆ ಕುಳಿತಿದ್ದೆ. ಪರದೆಯ ಮೇಲೆ ಮೊದಲ ಹೆಣ ಬಿದ್ದು ಐದು ನಿಮಿಷವಾಗಿರಲಿಲ್ಲ, ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ, "ಖೂನಿ ಮಾಡಿದಾಂವ ಡಾಕ್ಟರನ ನೋಡ ಚಾಚಿ. ನಾಡಿ ಹಿಡಿಯೂಕಿಂತ ಮೊದಲ ಸತ್ತಾನಂದ" ಎಂದಿತು. ಕೊನೆಗೆ ಡಾಕ್ಟರನೇ ಸಿಕ್ಕಿಬಿದ್ದ. ಮೂರು ತಿಂಗಳ ನಂತರ ಕಾಗದದ ಕಾರಖಾನೆಯ ನೌಕರರೊಬ್ಬರ ಮನೆಗೆ ಹೆಣ್ಣು ನೋಡಲು ಹೋದಾಗ ಬಾಗಿಲ ಪರದೆಯ ಹಿಂದಿನಿಂದ ಅದೇ ದನಿ: "ಹುಡುಗ ಹೂಂ ಅಂತಾನ, ನೋಡಕೋತ ಇರ್ರಿ."

ನಾನು ಹೂಂ ಅಂದೆ.

ಅಂದಿನಿಂದ ನಲವತ್ತೊಂದು ವರ್ಷ, ನಮ್ಮ ಮನೆಯಲ್ಲಿ ಯಾವ ರಹಸ್ಯವೂ ಅರ್ಧ ತಾಸಿಗಿಂತ ಹೆಚ್ಚು ಬದುಕಿಲ್ಲ. (ನಮ್ಮ ಜಗಳ ಉರ್ದುವಿನಲ್ಲಿ ಆರಂಭವಾಗಿ ಕನ್ನಡದಲ್ಲಿ ಮುಗಿಯುತ್ತದೆ. ನಾನು ಎರಡರಲ್ಲಿಯೂ ಸೋಲುತ್ತೇನೆ.)

ನಿವೃತ್ತಿಯ ನಂತರ ನನ್ನ ಹೆಸರು ಅಚ್ಚಾಗುತ್ತಿದ್ದುದು ಎರಡೇ ಕಡೆ: ರೇಷನ್ ಕಾರ್ಡಿನಲ್ಲಿ ಮತ್ತು ನಮ್ಮ ಹಿರಿಯರ ಸಂಘದ ನಾಟಕದ ಪೋಸ್ಟರಿನಲ್ಲಿ. ನಾನು ಬರೆದ 'ಎಂಟನೆಯ ಬೀಗ' ಎಂಬ ಪತ್ತೇದಾರಿ ನಾಟಕ ಹಳಿಯಾಳವನ್ನು ನಡುಗಿಸಿತೆಂದರೆ ಅತಿಶಯೋಕ್ತಿಯಲ್ಲ. (ಸ್ವಲ್ಪ ಅತಿಶಯೋಕ್ತಿ.) ಅದರಲ್ಲಿ ಸಾಹುಕಾರನನ್ನು ಕೊಂದವನು ಹಾಲು ಹಾಕುವ ಮುದುಕ. ಬಾಗಿದ ಬೆನ್ನು, ಬಾಯಿ ತೆರೆದರೆ ಆಶೀರ್ವಾದ. ಅವನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಮುಂಡಗೋಡ ತಾಲೂಕಿನ ಪಾಳಾ ಊರಿನಿಂದ ಜನ ಟೆಂಪೋ ಮಾಡಿಕೊಂಡು ಬಂದು ನೋಡಿದರು. ಮರುವರ್ಷ ಸಂಘದವರು ಎರಡನೆಯ ಭಾಗ ಕೇಳಿದರು. "ಇದು ಚಲೋ ಆತಂದ್ರ ಮುಂದ ಎಲ್ಲಾ ವರ್ಷ ನಿಮ್ಮದ ನಾಟಕರಿ. ಆಗಲಿಲ್ಲಂದ್ರ ಬ್ಯಾರೇದವರನ್ನ ನೋಡತೇವಿ" ಎಂದರು ಅಧ್ಯಕ್ಷರಾದ ಬಸಲಿಂಗಯ್ಯನವರು. ಅವರು ಬಸ್ಸಿನ ಕಂಡಕ್ಟರರಾಗಿದ್ದವರು. ಒಮ್ಮೆ ಸೀಟಿ ಊದಿದರೆ ತಿರುಗಿ ನಿಲ್ಲಿಸುವವರಲ್ಲ.

ನಾನು ಪಾತ್ರಗಳ ಪಟ್ಟಿಯಿದ್ದ ಮೊದಲ ಪುಟವನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಭೀರ ಧ್ವನಿಯಲ್ಲಿ ಓದಿದೆ. ಬದರುನ್ನಿಸಾ ರೊಟ್ಟಿ ಬಡಿಯುತ್ತಿದ್ದಳು.

"ಟಪಾಲಿನ ಮುದುಕ" ಎಂದಳು.

"ಏನು ಟಪಾಲಿನ ಮುದುಕ?"

"ಖೂನಿ ಮಾಡಾಂವ. ಹ್ವಾದ ವರ್ಷ ಹಾಲಿನ ಮುದುಕ ಇದ್ದ, ಈ ವರ್ಷ ಟಪಾಲಿನಾಂವ. ಹಾಲಿನ ಕ್ಯಾನ್ ಹೋಗಿ ಚೀಲ ಬಂದೈತಿ, ಅಷ್ಟ."

"ಈ ಸಲ ಎರಡು ಕೊಲೆ ಇವೆ" ಎಂದೆ, ನೊಂದು.

"ಸಾರು ಕೆಟ್ಟೈತಂತ ಇನ್ನೊಂದ ತಂಬಿಗಿ ನೀರು ಹಾಕಿದ್ರ ರುಚಿ ಬರತೈತೇನ್ರಿ ಮಾಸ್ತರ? ಮೊನ್ನೆ ಟೀವ್ಯಾಗ ನೋಡಿದಿರಲ್ಲ, ಆ ಮೂರನೇ ಭಾಗದ ಸಿನಿಮಾ. ಮೊದಲನೇದರಾಗ ಅವರ ಕಡೆ ಒಂದು ಕತಿ ಇತ್ತು, ಕತಿಗೆ ಖೂನಿ ಬೇಕಾಗಿತ್ತು. ಆಮ್ಯಾಲಿನ ಭಾಗದಾಗ ಖೂನಿ ತಯಾರದಾವ, ಕತೀನ ಹುಡುಕಾಕತ್ತಾರ."

"ಪ್ರೇಕ್ಷಕರು ನಿನ್ನಂತೆ ಪೊಲೀಸರಲ್ಲ."

"ಒಮ್ಮಿ ಮೋಸ ಹೋದಾಂವ ಪೊಲೀಸನ ಆಗ್ತಾನ್ರಿ" ಎಂದು ರೊಟ್ಟಿ ತಿರುವಿ ಹಾಕಿದಳು.

ನಾನು ಒಂದಕ್ಷರವನ್ನೂ ಬದಲಿಸಲಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳ ಉತ್ತರ ತಿದ್ದಿದವನಿಗೆ ತನ್ನ ಉತ್ತರ ತಿದ್ದಿಕೊಳ್ಳುವ ಅಭ್ಯಾಸವಿರುವುದಿಲ್ಲ.

ನಾಟಕದ ದಿನ ಬಂತು. ನಮ್ಮ ಕಡೆಯ ಆಯೇರಿಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ನಾಟಕ ನಡೆಯುತ್ತಿರುವಾಗಲೇ ಪಾತ್ರಧಾರಿಯ ಬಂಧುಗಳು ವೇದಿಕೆ ಹತ್ತಿ, ಮೈಕಿನಲ್ಲಿ ಹೆಸರು ಹೇಳಿ, ಶಾಲು ಹೊದಿಸಿ ಹಾರ ಹಾಕುತ್ತಾರೆ. ಪಾತ್ರಧಾರಿಯು ಅಳುತ್ತಿರಲಿ, ಯುದ್ಧ ಮಾಡುತ್ತಿರಲಿ, ಅಲ್ಲಿಯೇ ನಿಂತು ಸಭೆಗೆ ಕೈ ಮುಗಿಯಬೇಕು. ಮುಗಿಯದಿದ್ದರೆ ಬೀಗರು ಬೀಗರಾಗಿ ಉಳಿಯುವುದಿಲ್ಲ.

ಎರಡನೆಯ ದೃಶ್ಯದಲ್ಲಿ ಟಪಾಲಿನ ಮುದುಕನಾಗಿ ಮಹಾಬಳೇಶ್ವರ ಕೆಮ್ಮುತ್ತ ಬಂದು, "ದೇವರು ಎಲ್ಲರಿಗೂ ಒಳ್ಳೆಯದು ಮಾಡಲಿ" ಎಂದ. ಸಭೆಯಲ್ಲಿ ಮುಸಿಮುಸಿ ನಗೆ. ಅಷ್ಟರಲ್ಲಿ ಅವನ ಬೀಗ ಶರಣಬಸವ ಮುಂಡಗೋಡದಿಂದ ತಂದ ಶಾಲು ಹಿಡಿದು ವೇದಿಕೆ ಹತ್ತಿದ. ಮೈಕು ಹಿಡಿದು ಸ್ಪಷ್ಟವಾಗಿ ಹೇಳಿದ: "ಖೂನಿಗಾರನ ಪಾರ್ಟನ್ನ ಭಾಳ ಚಲೋ ಮಾಡಾಕತ್ತಿರೋ ನಮ್ಮ ಬೀಗರಾದ ಮಹಾಬಳೇಶ್ವರ ಅವರಿಗೆ ಒಂದು ಶಾಲು, ಒಂದು ಹಾರ ಆಯೇರಿ."

ಆಗ ಇನ್ನೂ ಒಂದು ಕೊಲೆಯೂ ಆಗಿರಲಿಲ್ಲ.

ಮಹಾಬಳೇಶ್ವರ ಪದ್ಧತಿಯಂತೆ ಸಭೆಗೆ ಕೈ ಮುಗಿದ. ನಾನು ಪಕ್ಕದ ಪರದೆ ಸರಿಸಿ ಓಡಿಬಂದೆ. "ನಿಮಗೆ ಯಾರು ಹೇಳಿದರು?"

"ಯಾರ ಹೇಳಬೇಕ್ರಿ ಮಾಸ್ತರ? ಹ್ವಾದ ವರ್ಷನೂ ಕೊಂದಾಂವ ಆಶೀರ್ವಾದ ಮಾಡೋ ಮುದುಕನ ಆಗಿದ್ದ. ಕಡೀಕ ಬೇಡಿ ಹಾಕಿ ಎಳಕೊಂಡು ಹೋಗಮುಂದ ಹಾರ ಹಾಕಿದ್ರ ಚಂದ ಕಾಣತೈತೇನು? ಅದರ ಮ್ಯಾಲ ನಾವು ಬಸ್ ಹಿಡೀಬೇಕು."

ಈ ಸಲ ಕೊಲೆಯಾಗಬೇಕಿದ್ದ ಹೊಸ ಸಾಹುಕಾರನ ಪಾತ್ರದವರು ನನ್ನ ಕಡೆ ಬಾಗಿ, "ಮಾಸ್ತರ, ನಾ ಇನ್ನ ಸಾಯಬೇಕೋ ಬ್ಯಾಡೋ?" ಎಂದು ಮೆಲ್ಲಗೆ ಕೇಳಿದರು. ಮೈಕು ಅದನ್ನೂ ಹಿಡಿಯಿತು. ಆ ನಗೆಯಲ್ಲಿ ನಾಟಕ ಮುಗಿದುಹೋಯಿತು.

ಬಸಲಿಂಗಯ್ಯನವರು ಮರುದಿನವೇ ಮನೆಗೆ ಬಂದರು. ನನಗೆ ನಮಸ್ಕಾರ ಮಾಡಿ, ಅಡುಗೆಮನೆಯ ಕಡೆ ತಿರುಗಿ, "ಅಕ್ಕಾರ, ಮುಂದಿನ ವರ್ಷದ್ದು ನೀವ ಬರೀಬೇಕ್ರಿ" ಎಂದರು. ಪೋಸ್ಟರು ಹೀಗೆ ಬಂತು: ರಚನೆ: ಬದರುನ್ನಿಸಾ. ಹೆಣ: ಕಾಸಿಂಸಾಬ. (ಅದು ನಾನು.)

ಆಕೆಯ ನಾಟಕದಲ್ಲಿ ಮುದುಕರೂ ಇರಲಿಲ್ಲ, ಬೀಗವೂ ಇರಲಿಲ್ಲ. ನಿವೃತ್ತ ಮಾಸ್ತರನೊಬ್ಬ ಮೊದಲ ದೃಶ್ಯದಲ್ಲೇ ಸಾಯುತ್ತಾನೆ, ಅಷ್ಟೇ ನನಗೆ ಗೊತ್ತಿದ್ದುದು. ನನಗೆ ಕೊಟ್ಟದ್ದು ಒಂದೇ ಹಾಳೆ. ಕೊಂದವರು ಯಾರೆಂದು ಕೇಳಿದರೆ, "ಹೆಣಕ್ಕ್ಯಾಕ ಬೇಕ್ರಿ ಆ ಸುದ್ದಿ?" ಎಂದಳು.

ಬಿಳಿ ಚಾದರದ ಕೆಳಗೆ ಒಂದು ತಾಸು ಮಲಗಿದ್ದೆ. ಸಭೆ ಉಸಿರು ಬಿಗಿಹಿಡಿದಿತ್ತು. ಒಬ್ಬರಿಗೂ ಗುಟ್ಟು ಹೊಳೆದಿರಲಿಲ್ಲ. ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಆಗ ಮೈಕಿನಲ್ಲಿ ಶರಣಬಸವನ ದನಿ: "ಹ್ವಾದ ವರ್ಷ ನನ್ನಿಂದ ಮಾಸ್ತರಿಗೆ ಅವಮಾನ ಆತು. ಅದಕ್ಕ ಹೆಣದ ಪಾರ್ಟು ಮಾಡಾಕತ್ತಿರೋ ಕಾಸಿಂಸಾಬ ಮಾಸ್ತರಿಗೆ ಒಂದು ಶಾಲು ಆಯೇರಿ."

ಶಾಲು ಮೈಮೇಲೆ ಬಿತ್ತು. ಜನರ ಬಾಯಲ್ಲಿ ನನ್ನ ಹೆಸರು ಬಂದು ಒಂದು ವರ್ಷವಾಗಿತ್ತು. ನಾನು ಎದ್ದು ಕುಳಿತು ಸಭೆಗೆ ಕೈ ಮುಗಿದೆ.

ಸಭೆ ಎದ್ದು ನಿಂತಿತು. ಸೀಟಿಯೋ ಸೀಟಿ. ಮಾಸ್ತರ ಸತ್ತಿರಲೇ ಇಲ್ಲ, ಇದೇ ನಾಟಕದ ಗುಟ್ಟು ಎಂದು ತಿಳಿದು ಜನ ಕುಣಿದರು. ಆಕೆ ಕಷ್ಟಪಟ್ಟು ಕಟ್ಟಿದ ಕೊನೆಯ ದೃಶ್ಯವನ್ನು ಯಾರೂ ಆಡಗೊಡಲಿಲ್ಲ. ಆ ಖೂನಿಗಾರ ಯಾರೆಂದು ನನಗೆ ಇಂದಿಗೂ ತಿಳಿಯದು. ಆಕೆ ಹೇಳುವುದೂ ಇಲ್ಲ.

ಬದರುನ್ನಿಸಾ ಈಗ ಎರಡನೆಯ ಭಾಗ ಬರೆಯುತ್ತಿದ್ದಾಳೆ. ಊರೆಲ್ಲ ಕೇಳಿದರೂ ಮೊದಲು ಒಪ್ಪಿರಲಿಲ್ಲ. ಈಗ ಒಪ್ಪಿದ್ದು ನನ್ನ ಸಲುವಾಗಿಯಂತೆ. "ಅರ್ಧಕ್ಕ ಉಳದ ಕೆಲಸ ಐತಿ" ಎನ್ನುತ್ತಾಳೆ. ಸಂಜೆಯ ಚಹಾ ನಾನೇ ಮಾಡಿ ಆಕೆಯ ಹಾಳೆಗಳ ಪಕ್ಕದಲ್ಲಿಟ್ಟು ಬರುತ್ತೇನೆ. ಈ ಸಲ ಪರದೆ ಏಳುವ ಮೊದಲೇ ನಾನು ಸತ್ತಿರುತ್ತೇನೆ. ಗೋಡೆಯ ಮೇಲೆ ಹಾರ ಹಾಕಿದ ನನ್ನ ಫೋಟೋ ಮಾತ್ರ ಇರುತ್ತದೆ.

"ಫೋಟೋಕ್ಕ ಯಾರರೆ ಆಯೇರಿ ಮಾಡಿದ್ರೂ ಚಿಂತಿಲ್ಲ" ಎಂದು ಬಸಲಿಂಗಯ್ಯನವರಿಗೆ ಹೇಳುತ್ತಿದ್ದಳು. "ಅದು ಕೈ ಮುಗಿಯಂಗಿಲ್ಲ."